ಕಥೆ ಒಂದೇ, ಹೇಳೋ ಕ್ರಮ ಬೇರೆ: ಪುಟ್ಟಣ್ಣ ಕಣಗಾಲ್

ನಾನ್-ಲೀನಿಯರ್ ಸಿನಿಮಾ ಅಂದ ತಕ್ಷಣ ನಮ್ಮ ಬ್ಯಾಚಿನವರ ಬಾಯಲ್ಲಿ ಬರೋ ಹೆಸರುಗಳು ಗೊತ್ತೇ ಇವೆ. ಪಲ್ಪ್ ಫಿಕ್ಷನ್, ಮೆಮೆಂಟೋ, ಆಮೇಲೆ ನೋಲನ್ ಮಾಡಿದ ಎಲ್ಲವೂ. ಕನ್ನಡದಲ್ಲಿ ಅಂತ ಕೇಳಿದರೆ ಉಪೇಂದ್ರ ಅವರ 'ಎ' (1998), ಪವನ್ ಕುಮಾರ್ ಅವರ 'ಲೂಸಿಯಾ' (2013), ರಕ್ಷಿತ್ ಶೆಟ್ಟಿ ಅವರ 'ಉಳಿದವರು ಕಂಡಂತೆ' (2014). ಈ ಪಟ್ಟಿಯಲ್ಲಿ ಪುಟ್ಟಣ್ಣ ಕಣಗಾಲ್ ಹೆಸರು ಯಾರೂ ಹೇಳಲ್ಲ. ಅವರು ನಮಗೆ ಅಜ್ಜಿ ಟಿವಿಯಲ್ಲಿ ನೋಡಿ ಕಣ್ಣೊರೆಸಿಕೊಳ್ಳೋ ಸಿನಿಮಾಗಳ ಡೈರೆಕ್ಟರ್, ಅಷ್ಟೇ.

ನಮ್ಮ ಕ್ಲಬ್ಬಿನಲ್ಲಿ ಈ ಸಲ ಅವರ ಬಗ್ಗೆ ಬರೆಯೋಣ ಅಂತ ತೀರ್ಮಾನ ಆಗಿದ್ದಕ್ಕೆ ಒಂದು ಕಾರಣ ಇದೆ. ಒಂದು ಕಥೆಯಲ್ಲಿ ಯಾವ ವಿಷಯವನ್ನ ಮೊದಲು ಹೇಳಬೇಕು, ಯಾವುದನ್ನ ಬಚ್ಚಿಡಬೇಕು, ಬಚ್ಚಿಟ್ಟಿದ್ದನ್ನ ಯಾವಾಗ ಬಿಚ್ಚಬೇಕು ಅನ್ನೋ ಲೆಕ್ಕ ಇದೆಯಲ್ಲ, ನಾನ್-ಲೀನಿಯರ್ ಅಂದರೆ ಮೂಲದಲ್ಲಿ ಅದೇ. ಆ ಲೆಕ್ಕದಲ್ಲಿ ಪುಟ್ಟಣ್ಣ ಎಷ್ಟು ಪಕ್ಕಾ ಇದ್ದರು ಅಂತ ಸಿನಿಮಾಗಳನ್ನ ಕೂತು ನೋಡಿದ ಮೇಲೆ ನಮಗೆ ಅರ್ಥ ಆಯಿತು.

ಕಣಗಾಲಿನಿಂದ ಮದರಾಸಿಗೆ

ಪುಟ್ಟಣ್ಣ ಹುಟ್ಟಿದ್ದು 1933ರ ಡಿಸೆಂಬರ್ 1ರಂದು, ಮೈಸೂರು ಜಿಲ್ಲೆ ಪಿರಿಯಾಪಟ್ಟಣ ತಾಲ್ಲೂಕಿನ ಕಣಗಾಲ್ ಅನ್ನೋ ಹಳ್ಳಿಯಲ್ಲಿ. ಮನೆಯವರಿಟ್ಟ ಹೆಸರು ಸೀತಾರಾಮ ಶರ್ಮ. ಕೈಯಲ್ಲಿ ಕಾಸಿರಲಿಲ್ಲ. ಹೊಟ್ಟೆಪಾಡಿಗೆ ಕ್ಲೀನರ್ ಆದರು, ಸೇಲ್ಸ್‌ಮನ್ ಆದರು, ಮೇಷ್ಟ್ರೂ ಆದರು. ಪ್ರಚಾರದ ಕೆಲಸಕ್ಕೆ ಸೇರಿಕೊಂಡಾಗ ನಾಟಕದವರ ಪರಿಚಯ ಆಯಿತು, ಅಲ್ಲಿಂದ ಸಿನಿಮಾದವರ ಪರಿಚಯ ಆಯಿತು. ಕೊನೆಗೆ ಬಿ.ಆರ್. ಪಂತುಲು ಅವರ ಹತ್ತಿರ ಡ್ರೈವರ್ ಆಗಿಯೂ ಸಹಾಯಕ ನಿರ್ದೇಶಕ ಆಗಿಯೂ ಸೇರಿದರು. ಅಣ್ಣ ಕಣಗಾಲ್ ಪ್ರಭಾಕರ ಶಾಸ್ತ್ರಿ ಕೂಡ ಸಿನಿಮಾ ಸಾಹಿತ್ಯದಲ್ಲಿ ದೊಡ್ಡ ಹೆಸರು ಮಾಡಿದವರು.

ಆಗ ಕನ್ನಡ ಸಿನಿಮಾದ ಹೆಚ್ಚಿನ ಕೆಲಸ ನಡೀತಿದ್ದದ್ದು ಮದರಾಸಿನ ಸ್ಟುಡಿಯೋಗಳಲ್ಲಿ. ಪುಟ್ಟಣ್ಣ ಸ್ವತಂತ್ರವಾಗಿ ನಿರ್ದೇಶನ ಮಾಡಿದ ಮೊದಲ ಸಿನಿಮಾ ಕನ್ನಡದ್ದಲ್ಲ, 1964ರ ಮಲಯಾಳಂ 'ಸ್ಕೂಲ್ ಮಾಸ್ಟರ್'. ಕನ್ನಡದಲ್ಲಿ ಮೊದಲ ಸಿನಿಮಾ 'ಬೆಳ್ಳಿಮೋಡ' ಬಂದದ್ದು 1967ರಲ್ಲಿ. ತ್ರಿವೇಣಿ ಅವರ ಕಾದಂಬರಿ, ಕಲ್ಪನಾ ನಾಯಕಿ. ಎಸ್ಟೇಟಿನ ಒಬ್ಬಳೇ ಮಗಳು ಅಂತ ಮದುವೆಗೆ ಒಪ್ಪಿಕೊಂಡಿದ್ದ ಹುಡುಗ, ಅವಳಿಗೆ ತಮ್ಮ ಹುಟ್ಟಿ ಆಸ್ತಿ ಕೈತಪ್ಪುತ್ತೆ ಅಂತ ಗೊತ್ತಾದ ಕೂಡಲೇ ಹಿಂದೆ ಸರೀತಾನೆ. ಆಮೇಲೆ ಅವನೇ ಪೆಟ್ಟು ಮಾಡಿಕೊಂಡು ಬಿದ್ದಾಗ ಅವಳು ಆರೈಕೆ ಮಾಡ್ತಾಳೆ. ಮನಸ್ಸು ಬದಲಾಗಿ ಅವನು ಮತ್ತೆ ಬಂದು ಕೇಳಿದಾಗ ಬೇಡ ಅಂತಾಳೆ. 1967ರ ಪ್ರೇಕ್ಷಕರಿಗೆ ಆ ಬೇಡ ಅನ್ನೋದು ಹೊಸದು. ಮದುವೆಯಲ್ಲೇ ಮುಗೀಬೇಕಿದ್ದ ಕಥೆಯನ್ನ ಪುಟ್ಟಣ್ಣ ಮದುವೆ ಇಲ್ಲದೆ ಮುಗಿಸಿದರು.

ಚಿತ್ರಕಥೆಗೆ ಬಂದ ಪ್ರಶಸ್ತಿ

1969ರಲ್ಲಿ 'ಗೆಜ್ಜೆಪೂಜೆ' ಬಂತು. ಎಂ.ಕೆ. ಇಂದಿರಾ ಅವರ ಕಾದಂಬರಿ. ಆ ವರ್ಷದ ಅತ್ಯುತ್ತಮ ಚಿತ್ರಕಥೆಯ ರಾಷ್ಟ್ರಪ್ರಶಸ್ತಿ ಪುಟ್ಟಣ್ಣ ಅವರಿಗೆ ಸಿಕ್ಕಿತು. ಅದರ ಮುಂದಿನ ವರ್ಷ ಇದೇ ಪ್ರಶಸ್ತಿ ಸಿಕ್ಕಿದ್ದು 'ಪ್ರತಿದ್ವಂದಿ'ಗಾಗಿ ಸತ್ಯಜಿತ್ ರಾಯ್ ಅವರಿಗೆ. ಹಳೇ ನೆನಪುಗಳನ್ನ ಫೋಟೋ ನೆಗೆಟಿವ್ ಥರ ತೋರಿಸೋ ಸಿನಿಮಾ ಅದು. ಇಬ್ಬರ ಹೆಸರೂ ಒಂದೇ ಪಟ್ಟಿಯಲ್ಲಿ ಪಕ್ಕಪಕ್ಕ ಇದೆ ಅಂತ ನಮಗೆ ಇಷ್ಟು ದಿನ ಗೊತ್ತೇ ಇರಲಿಲ್ಲ.

ಚಿತ್ರಕಥೆ ಅಂದರೆ ಏನು? ಕಥೆ ಕಾದಂಬರಿಯಲ್ಲೇ ಇದೆ. ಅದನ್ನ ಯಾವ ಕ್ರಮದಲ್ಲಿ, ಯಾರ ಕಣ್ಣಿಂದ ತೋರಿಸ್ತೀರಿ ಅನ್ನೋದು ಚಿತ್ರಕಥೆ. 'ಗೆಜ್ಜೆಪೂಜೆ'ಯ ಚಂದ್ರಾ ವೇಶ್ಯೆಯರ ಮನೆಯಲ್ಲಿ ಹುಟ್ಟಿದ ಹುಡುಗಿ. ಓದಬೇಕು, ಎಲ್ಲರ ಥರ ಮದುವೆಯಾಗಿ ಬದುಕಬೇಕು ಅನ್ನೋದು ಅವಳ ಆಸೆ. ಅವಳು ತನ್ನ ಅಪ್ಪನನ್ನ ಭೇಟಿ ಮಾಡಿದ್ದನ್ನ ಅವಳು ನಂಬಿದ್ದವರೇ ಬೇರೆ ಥರ ಅರ್ಥ ಮಾಡಿಕೊಳ್ತಾರೆ. ಆ ಮನುಷ್ಯ ಅವಳ ಅಪ್ಪ ಅಂತ ನಮಗೆ ಗೊತ್ತು, ಅವರಿಗೆ ಗೊತ್ತಿಲ್ಲ. ನಮಗೂ ಗೊತ್ತಿಲ್ಲದ ಹಾಗೆ ಇಟ್ಟು ಕೊನೆಗೆ ಟ್ವಿಸ್ಟ್ ಕೊಡಬಹುದಿತ್ತು, ಸೀಟಿನಲ್ಲಿ ಒಂದು ಸಲ ಬೆಚ್ಚಿಬೀಳ್ತಿದ್ದೆವು. ಪುಟ್ಟಣ್ಣ ಹಾಗೆ ಮಾಡಲಿಲ್ಲ. ಮೊದಲೇ ಗೊತ್ತಿರೋದರಿಂದ ನಾವು ಅಸಹಾಯಕರಾಗಿ ಕೂತು ನೋಡಬೇಕಾಗುತ್ತೆ. ಬೆಚ್ಚಿದ್ದು ಎರಡು ನಿಮಿಷಕ್ಕೆ ಮರೆತುಹೋಗುತ್ತೆ, ಅಸಹಾಯಕತೆ ಮನೆ ತನಕ ಬರುತ್ತೆ.

ಇಂಟರಪ್ಟ್ ಥರ ಬರೋ ನೆನಪು

ಡೇಟಾ ಸ್ಟ್ರಕ್ಚರ್ಸ್ ಓದಿದವರಿಗೆ ಮಾಮೂಲಿ ಫ್ಲ್ಯಾಶ್‌ಬ್ಯಾಕನ್ನ ಹೀಗೆ ವಿವರಿಸಬಹುದು. ಅದೊಂದು ಫಂಕ್ಷನ್ ಕಾಲ್. ಈಗಿನ ಕಥೆಯನ್ನ ಸ್ಟ್ಯಾಕಿನಲ್ಲಿ ಇಟ್ಟು, ಹಳೇ ಕಥೆಗೆ ಹೋಗಿ, ಅದನ್ನ ಪೂರ್ತಿ ಮುಗಿಸಿ, ಬಿಟ್ಟ ಜಾಗಕ್ಕೇ ವಾಪಸ್ ಬರೋದು. ಅಚ್ಚುಕಟ್ಟಾದ ಕೆಲಸ. ಆದರೆ ನಿಜವಾದ ನೆನಪು ಹೀಗೆ ಬರಲ್ಲ. ಅದು ಇಂಟರಪ್ಟ್ ಥರ. ಯಾವಾಗ ಬರುತ್ತೆ ಅಂತ ಹೇಳಕ್ಕಾಗಲ್ಲ, ಬಂದರೆ ನಡೀತಿರೋ ಕೆಲಸ ನಿಂತೇ ಹೋಗುತ್ತೆ.

ಇದನ್ನ ಕನ್ನಡದಲ್ಲಿ ನೋಡಬೇಕು ಅಂದರೆ 'ಶರಪಂಜರ' ನೋಡಬೇಕು. ಇದೂ ತ್ರಿವೇಣಿ ಅವರ ಕಾದಂಬರಿ. ಅವರು 1963ರಲ್ಲೇ ತೀರಿಕೊಂಡರು, ತಮ್ಮ ಕಥೆಗಳನ್ನ ಪುಟ್ಟಣ್ಣ ತೆರೆಗೆ ತಂದದ್ದನ್ನ ಅವರು ನೋಡಲಿಲ್ಲ. ಕಾವೇರಿ (ಕಲ್ಪನಾ) ಪ್ರೀತಿಸಿ ಮದುವೆಯಾಗಿ ಚೆನ್ನಾಗಿರೋ ಹೆಣ್ಣು. ಎರಡನೇ ಹೆರಿಗೆಯ ಹೊತ್ತಿಗೆ ಮನಸ್ಸು ಕೆಡುತ್ತೆ. ನಮ್ಮ ಕಡೆ ಹಿರಿಯರು ಬಾಣಂತಿ ಸನ್ನಿ ಅಂತ ಕರೆಯೋ ಕಾಯಿಲೆ. ಮದುವೆಗೆ ಮುಂಚೆ ನಡೆದ ಒಂದು ಘಟನೆ ಅವಳೊಳಗೆ ಹುದುಗಿಕೊಂಡಿರುತ್ತೆ, ಅದು ಎದ್ದು ಬರುತ್ತೆ.

ಆ ಘಟನೆಯನ್ನ ಸಿನಿಮಾದ ಮೊದಲ ರೀಲಿನಲ್ಲೇ ಇಟ್ಟಿದ್ದರೆ ಏನಾಗ್ತಿತ್ತು ಅಂತ ನಾವು ಚರ್ಚೆ ಮಾಡಿದೆವು. ಕಾಲಕ್ರಮದ ಪ್ರಕಾರ ಅದೇ ಮೊದಲು ಬರಬೇಕು. ಆದರೆ ಆಗ ನಾವು ಕಾವೇರಿಯನ್ನ ನೋಡೋ ಮುಂಚೆ ಆ ಘಟನೆಯನ್ನ ನೋಡಿರ್ತೀವಿ. ಅವಳ ನಗು, ಸಂಸಾರ, ಹಾಡು ಎಲ್ಲದರ ಮೇಲೂ ಅದರ ನೆರಳು ಬಿದ್ದಿರುತ್ತೆ. ಅವಳ ಬಗ್ಗೆ ತೀರ್ಪು ಕೊಡೋ ನೆರೆಹೊರೆಯವರ ಸಾಲಿನಲ್ಲೇ ನಾವೂ ನಿಂತಿರ್ತೀವಿ. ತಡವಾಗಿ ಹೇಳಿದ್ದರಿಂದ, ನಮಗೆ ಅವಳು ಮೊದಲು ಒಬ್ಬ ಮನುಷ್ಯಳಾಗಿ ಪರಿಚಯ ಆಗ್ತಾಳೆ. ಆಮೇಲೆ ಗೊತ್ತಾಗೋ ಯಾವುದೂ ಆ ಪರಿಚಯವನ್ನ ಅಳಿಸಲ್ಲ. ಕ್ರಮ ಬದಲಿಸಿದ್ದರ ಪರಿಣಾಮ ಅಂದರೆ ಇದು. ಒಗಟು ಬಿಡಿಸೋ ಮಜಾಕ್ಕಿಂತ ದೊಡ್ಡದು.

ಎರಡನೇ ಅರ್ಧ ಇನ್ನೂ ಕಷ್ಟ. ಕಾವೇರಿ ಆಸ್ಪತ್ರೆಯಲ್ಲಿ ಗುಣವಾಗಿ ಮನೆಗೆ ಬರ್ತಾಳೆ. ಅವಳ ಪಾಲಿಗೆ ಕಾಯಿಲೆ ಮುಗಿದ ಕಥೆ, ಆದರೆ ಸುತ್ತಲಿನವರ ಪಾಲಿಗೆ ಅದು ಮುಗಿಯೋದೇ ಇಲ್ಲ. ಏನು ಮಾಡಿದರೂ ಹುಚ್ಚಿ ಅನ್ನೋ ಕಣ್ಣಲ್ಲೇ ನೋಡ್ತಾರೆ. ಗಂಡನೂ ದೂರ ಆಗಿರ್ತಾನೆ, ಅವನಿಗೆ ಬೇರೆ ಸಂಬಂಧ ಇರುತ್ತೆ. ಕೊನೆಗೆ ಎಲ್ಲಿಂದ ಗುಣವಾಗಿ ಬಂದಳೋ ಅಲ್ಲಿಗೇ ವಾಪಸ್. ಈ ಕಥೆ ನೇರ ಗೆರೆಯಲ್ಲಿ ಹೋಗದೆ ಸುತ್ತು ಹಾಕಿ ಅಲ್ಲೇ ಬಂದು ನಿಲ್ಲುತ್ತೆ. ಗುಣವಾದವರನ್ನ ನಾವು ಹೇಗೆ ನಡೆಸಿಕೊಳ್ತೀವಿ ಅನ್ನೋ ಪ್ರಶ್ನೆ ಆ ಸುತ್ತಿನಲ್ಲೇ ಇದೆ. ಹಾಸ್ಟೆಲಿನಲ್ಲಿ ಯಾರಾದರೂ ಕೌನ್ಸೆಲಿಂಗಿಗೆ ಹೋಗ್ತಾರೆ ಅಂದರೆ ಈಗಲೂ ಗುಸುಗುಸು ಶುರುವಾಗೋ ಕಾಲದಲ್ಲಿ ಇದನ್ನ ಹಳೇ ಸಿನಿಮಾ ಅನ್ನಕ್ಕೆ ನಮಗೆ ಮನಸ್ಸು ಬರಲ್ಲ.

ಕೋಟೆಯಲ್ಲಿ ಇನ್ನೂರು ವರ್ಷ ಹಿಂದಕ್ಕೆ

'ನಾಗರಹಾವು' ತೆರೆಗೆ ಬಂದದ್ದು 1972ರ ಡಿಸೆಂಬರ್ 29ರಂದು. ತ.ರಾ.ಸು. ಅವರ ಮೂರು ಕಾದಂಬರಿಗಳನ್ನ ('ನಾಗರಹಾವು', 'ಒಂದು ಗಂಡು ಎರಡು ಹೆಣ್ಣು', 'ಸರ್ಪಮತ್ಸರ') ಸೇರಿಸಿ ಮಾಡಿದ ಒಂದು ಸಿನಿಮಾ. ವಿಷ್ಣುವರ್ಧನ್ ರಾಮಾಚಾರಿ ಆದದ್ದು, ಅಂಬರೀಶ್ ಜಲೀಲ್ ಆದದ್ದು ಇಲ್ಲೇ.

ಇದರಲ್ಲಿ ಕಾಲದ ಜೊತೆ ಆಟ ಆಡಿರೋ ಎರಡು ಕಡೆ ನೋಡಿ. ಮೊದಲನೆಯದು ಓಬವ್ವನ ಹಾಡು. ಚಿತ್ರದುರ್ಗದ ಒಬ್ಬ ಕೋಪಿಷ್ಠ ಹುಡುಗನ ಕಥೆ ನಡೀತಿರೋವಾಗ ಇದ್ದಕ್ಕಿದ್ದಂತೆ ಸಿನಿಮಾ ಹೈದರಾಲಿಯ ಕಾಲಕ್ಕೆ ಹೋಗುತ್ತೆ. ಜಯಂತಿ ಒನಕೆ ಹಿಡಿದು ಕಿಂಡಿಯ ಪಕ್ಕ ನಿಲ್ತಾರೆ. ಕಥೆಯ ಲೆಕ್ಕದಲ್ಲಿ ಆ ಭಾಗ ತೆಗೆದರೂ ನಡೆಯುತ್ತೆ. ಆದರೆ ಅದನ್ನ ನೋಡಿದ ಮೇಲೆ ರಾಮಾಚಾರಿ ಓಡಾಡೋ ಬಂಡೆಗಳು ನಮಗೆ ಬರೀ ಲೊಕೇಶನ್ ಆಗಿ ಉಳಿಯಲ್ಲ. ಅವನ ಹಟಕ್ಕೂ ಆ ಕೋಟೆಗೂ ಒಂದು ನಂಟು ಬೆಳೆಯುತ್ತೆ.

ಎರಡನೆಯದು ರಾಮಾಚಾರಿ ಮತ್ತು ಅಲಮೇಲು (ಆರತಿ) ಹಾಡು. ಹಾಡಿಗೆ ಹಾಡೇ ಸ್ಲೋ ಮೋಷನ್. ಇದನ್ನ ಟೆಕ್ನಿಕ್ಕಿನ ಸಾಹಸ ಅಂತ ಎಲ್ಲರೂ ಹೊಗಳ್ತಾರೆ, ಆದರೆ ಅದು ಕಥೆಯಲ್ಲಿ ಮಾಡೋ ಕೆಲಸ ಬೇರೆ. ಮುಂದೆ ಚಾಮಯ್ಯ ಮೇಷ್ಟ್ರ ಮಾತಿಗೆ ಕಟ್ಟುಬಿದ್ದು ರಾಮಾಚಾರಿ ಅಲಮೇಲುವನ್ನ ಬಿಟ್ಟುಕೊಡ್ತಾನೆ. ಎಷ್ಟೋ ದಿನ ಆದ ಮೇಲೆ ಅವಳನ್ನ ನೋಡೋದು ಮೈ ಮಾರಿಕೊಳ್ಳೋ ಸ್ಥಿತಿಯಲ್ಲಿ. ಆ ಹೊತ್ತಿಗೆ ನಮ್ಮ ತಲೆಯಲ್ಲಿ ಓಡೋದು ಅದೇ ನಿಧಾನದ ಹಾಡು. ಅದು ನಡೀತಿದ್ದಾಗಲೇ ನೆನಪಿನ ವೇಗದಲ್ಲಿ ಚಿತ್ರೀಕರಣ ಆಗಿತ್ತು ಅಂತ ಆಗ ಹೊಳೆಯುತ್ತೆ. ಅವನ ಫ್ಲ್ಯಾಶ್‌ಬ್ಯಾಕ್ ನಮ್ಮೊಳಗೇ ನಡೆದುಬಿಡುತ್ತೆ.

ಇದೇ ಕಥೆಯನ್ನ ಪುಟ್ಟಣ್ಣ 1974ರಲ್ಲಿ ರಿಷಿ ಕಪೂರ್ ಜೊತೆ ಹಿಂದಿಯಲ್ಲಿ 'ಜಹರೀಲಾ ಇನ್ಸಾನ್' ಅಂತ ಮಾಡಿದರು. ಅದು ಓಡಲಿಲ್ಲ. ಕಥೆ ಅದೇ ಇದ್ದರೂ ಪರಿಣಾಮ ಅದೇ ಇರಬೇಕು ಅಂತ ಏನಿಲ್ಲ.

ಮೂರು ಕಥೆ, ಒಂದು ಟಿಕೆಟ್

1976ರಲ್ಲಿ ಅವರು 'ಕಥಾಸಂಗಮ' ಮಾಡಿದರು. ಗಿರಡ್ಡಿ ಗೋವಿಂದರಾಜರ 'ಹಂಗು', ವೀಣಾ ಅವರ 'ಅತಿಥಿ', ಈಶ್ವರಚಂದ್ರರ 'ಮುನಿತಾಯಿ', ಹೀಗೆ ಮೂರು ಸಣ್ಣಕಥೆಗಳು ಒಂದೇ ಸಿನಿಮಾದಲ್ಲಿ. ಆಗಿನ್ನೂ ಹೊಸಬರಾಗಿದ್ದ ರಜನಿಕಾಂತ್ 'ಮುನಿತಾಯಿ'ಯಲ್ಲಿ ಇದ್ದಾರೆ. ಒಂದು ಕಥೆಗೂ ಇನ್ನೊಂದಕ್ಕೂ ಪಾತ್ರಗಳ ಸಂಬಂಧ ಇಲ್ಲ. ಮೂರನ್ನೂ ಜೋಡಿಸೋ ಕೆಲಸ ನೋಡುವವರದ್ದು. ಹೀರೋ, ಇಂಟರ್ವಲ್, ಕ್ಲೈಮ್ಯಾಕ್ಸ್ ಅಂತ ಒಗ್ಗಿಹೋಗಿದ್ದ ಜನರಿಗೆ ಇದನ್ನ ಕೊಡಕ್ಕೆ ಧೈರ್ಯ ಬೇಕು. 2019ರಲ್ಲಿ ರಿಷಬ್ ಶೆಟ್ಟಿ ಇದೇ ಹೆಸರಲ್ಲಿ ಏಳು ನಿರ್ದೇಶಕರ ಏಳು ಕಥೆಗಳ ಸಿನಿಮಾ ತಂದಾಗ ಅದರ ಬೇರು ಇಲ್ಲೇ ಇತ್ತು.

1981ರ 'ರಂಗನಾಯಕಿ'ಯಲ್ಲಿ ಮತ್ತೆ 'ಗೆಜ್ಜೆಪೂಜೆ'ಯ ದಾರಿ, ಆದರೆ ಇನ್ನೂ ಅಪಾಯದ ದಾರಿ. ನಾಟಕದ ನಟಿ ಸಂಸಾರ ಒಡೆದು ಮಗುವನ್ನ ಕಳೆದುಕೊಳ್ತಾಳೆ. ವರ್ಷಗಳ ಮೇಲೆ ದೊಡ್ಡ ತಾರೆಯಾಗಿರೋ ಅವಳನ್ನ ತನ್ನ ತಾಯಿ ಅಂತ ಗೊತ್ತಿಲ್ಲದೆ ಅವಳ ಮಗನೇ ಮೋಹಿಸ್ತಾನೆ. ಹಳೇದೆಲ್ಲ ನಮಗೆ ಗೊತ್ತು, ಅವನಿಗೆ ಗೊತ್ತಿಲ್ಲ. ಕುರ್ಚಿಯಲ್ಲಿ ನೆಟ್ಟಗೆ ಕೂರಕ್ಕಾಗಲ್ಲ.

ಇಷ್ಟೆಲ್ಲ ಹೇಳಿದ ಮೇಲೂ ಒಂದು ಮಾತು ಒಪ್ಪಿಕೊಳ್ಳಬೇಕು. ಪುಟ್ಟಣ್ಣ ನೋಲನ್ ಅಲ್ಲ. ಅವರ ಹೆಚ್ಚಿನ ಸಿನಿಮಾಗಳು ಮೊದಲಿನಿಂದ ಕೊನೆಗೆ ನೇರವಾಗೇ ಹೋಗುತ್ತವೆ, ಎಲ್ಲೋ ಕೆಲವು ಕಡೆ ಮಾತ್ರ ತಿರುಗುತ್ತವೆ. ಈಗಿನ ಕಣ್ಣಿಗೆ ಕೆಲವು ಕಡೆ ಅಭಿನಯ, ಸಂಗೀತ ಜಾಸ್ತಿ ಅನಿಸುತ್ತೆ. ಆದರೆ ಈಗಿನ ಎಷ್ಟೋ ಸಿನಿಮಾಗಳಲ್ಲಿ ಕಾಲವನ್ನ ಕಲಸಿರೋದು ಯಾಕೆ ಅಂತ ಕೇಳಿದರೆ ಉತ್ತರ ಸಿಗಲ್ಲ. ನೇರವಾಗಿ ಜೋಡಿಸಿ ನೋಡಿದರೆ ಸಾಧಾರಣ ಕಥೆ. ಪುಟ್ಟಣ್ಣ ತಿರುಗಿಸಿದ ಕಡೆಯಲ್ಲೆಲ್ಲ ಒಬ್ಬ ಮನುಷ್ಯನ ನೋವು ಕಾರಣವಾಗಿದೆ. ಕಾವೇರಿಯ ನೆನಪು ಚೂರಾಗಿದೆ, ಅದಕ್ಕೇ ಸಿನಿಮಾ ಕೂಡ ಆ ಜಾಗದಲ್ಲಿ ಚೂರಾಗುತ್ತೆ.

ಕೊನೆಯ ವರ್ಷಗಳು, ಮತ್ತು ನಮ್ಮ ಕಡೆಯ ಊರು

1982ರಲ್ಲಿ 'ಮಾನಸ ಸರೋವರ' ಬಂತು. ಮನಸ್ಸಿಗೆ ಚಿಕಿತ್ಸೆ ಕೊಡೋ ಡಾಕ್ಟರೇ ಮನಸ್ಸು ಕಳೆದುಕೊಳ್ಳೋ ಕಥೆ. 1984ರಲ್ಲಿ 'ಅಮೃತ ಘಳಿಗೆ', 'ಋಣಮುಕ್ತಳು'. 'ಮಸಣದ ಹೂವು' ಕೆಲಸ ನಡೀತಿದ್ದಾಗಲೇ 1985ರ ಜೂನ್ 5ರಂದು ಬೆಂಗಳೂರಿನಲ್ಲಿ ತೀರಿಕೊಂಡರು. ಆಗ ಅವರಿಗೆ 51 ವರ್ಷ. ಉಳಿದದ್ದನ್ನ ಕೆ.ಎಸ್.ಎಲ್. ಸ್ವಾಮಿ ಮುಗಿಸಿದರು. ಅವರ ಹತ್ತಿರ ಸಹಾಯಕರಾಗಿದ್ದ ಭಾರತಿರಾಜ ತಮಿಳಿನಲ್ಲಿ ದೊಡ್ಡ ನಿರ್ದೇಶಕರಾದರು. ಕರ್ನಾಟಕ ಸರ್ಕಾರ ಪುಟ್ಟಣ್ಣ ಹೆಸರಲ್ಲಿ ನಿರ್ದೇಶಕರಿಗೆ ಪ್ರಶಸ್ತಿ ಕೊಡುತ್ತೆ.

ನಮ್ಮ ಪಶ್ಚಿಮ ಬೆಂಗಳೂರಿಗೂ ಈ ಕಥೆಯ ಒಂದು ಎಳೆ ಇದೆ. ಕೆಂಗೇರಿ ಹತ್ತಿರದ ಅಭಿಮಾನ್ ಸ್ಟುಡಿಯೋದಲ್ಲಿ 2009ರ ಡಿಸೆಂಬರ್ 30ರಂದು ವಿಷ್ಣುವರ್ಧನ್ ಅವರ ಅಂತ್ಯಸಂಸ್ಕಾರ ಆಯಿತು. 'ನಾಗರಹಾವು' ಬಿಡುಗಡೆಯಾಗಿ ಮೂವತ್ತೇಳು ವರ್ಷದ ಮೇಲೆ ಒಂದು ದಿನ. ಅಲ್ಲಿದ್ದ ಸಮಾಧಿಯನ್ನ 2025ರ ಆಗಸ್ಟಿನಲ್ಲಿ ಕೆಡವಿದರು. ಊರು ಜಾಗಗಳನ್ನ ಉಳಿಸಿಕೊಳ್ಳದೇ ಇರಬಹುದು. ಸಿನಿಮಾ ಮಾತ್ರ ಉಳಿದಿದೆ, 2018ರಲ್ಲಿ 'ನಾಗರಹಾವು' ಡಿಜಿಟಲ್ ಆಗಿ ಮತ್ತೆ ಥಿಯೇಟರಿಗೆ ಬಂದಾಗ ಅದೇ ರಾಮಾಚಾರಿ ಅದೇ ಬಂಡೆ ಹತ್ತಿದ.

ಮುಂದಿನ ಸಲ ರಾಜಾಜಿನಗರದ ನವರಂಗ್‌ನಲ್ಲೋ ಒರಾಯನ್ ಮಾಲಿನಲ್ಲೋ ಹಿಂದೆಮುಂದೆ ಓಡೋ ಸಿನಿಮಾ ನೋಡಿ ಹೊರಗೆ ಬಂದಾಗ, ಅರ್ಥ ಆಯ್ತಾ ಅಂತ ಒಬ್ಬರನ್ನೊಬ್ಬರು ಕೇಳಿಕೊಳ್ಳೋದರ ಜೊತೆಗೆ, ಆ ಕ್ರಮ ಯಾರಿಗಾಗಿ ಬದಲಾಯಿತು ಅಂತಲೂ ಕೇಳಿ ನೋಡಿ. ಸೆಮಿಸ್ಟರ್ ರಜೆಯಲ್ಲಿ 'ಶರಪಂಜರ' ಹಾಕಿಕೊಂಡು ಕೂರಿ. ಅಜ್ಜಿ ಅಮ್ಮ ಪಕ್ಕದಲ್ಲಿದ್ದರೆ ಇನ್ನೂ ಒಳ್ಳೇದು. ನಮಗೆ ಹೊಳೆಯದ ಎಷ್ಟೋ ವಿಷಯ ಅವರು ಹೇಳ್ತಾರೆ.