ತನಗೇ ಸೂಜಿ ಚುಚ್ಚಿಸಿಕೊಂಡ ಹಾಫ್‌ಕಿನ್

ಮನೇಲಿ ಇಲಿ ಸತ್ತು ಬಿದ್ದರೆ ಊರೇ ಬಿಟ್ಟು ಹೊಲದಲ್ಲಿ ಗುಡಿಸಲು ಹಾಕ್ಕೊಳ್ತಿದ್ದ ಕಾಲ ಒಂದಿತ್ತಂತೆ. ನಮ್ಮಜ್ಜಿ ಹೇಳ್ತಾಳೆ. ಅದೇ ಪ್ಲೇಗು. 1898ರಲ್ಲಿ ಅದು ರೈಲಿನ ದಾರಿ ಹಿಡಿದು ಬೆಂಗಳೂರಿಗೆ ಬಂತು. ನಮ್ಮ ಟೇಕಲ್‌ನಲ್ಲೂ ರೈಲು ನಿಲ್ಲುತ್ತಲ್ಲ, ಅದಕ್ಕೇ ಓದುವಾಗ ನನಗೆ ಭಯವಾಯಿತು.

ಪ್ಲೇಗಿಗೆ ಲಸಿಕೆ ಮಾಡಿದವರು ವಾಲ್ಡೆಮಾರ್ ಹಾಫ್‌ಕಿನ್. 1860ರಲ್ಲಿ ಒಡೆಸ್ಸಾದಲ್ಲಿ ಹುಟ್ಟಿದರು. ತಮಾಷೆ ಅಂದ್ರೆ ಅವರು ಡಾಕ್ಟರೇ ಅಲ್ಲ, ಪ್ರಾಣಿಶಾಸ್ತ್ರ ಓದಿದವರು! 1892ರಲ್ಲಿ ಪ್ಯಾರಿಸ್ಸಿನಲ್ಲಿ ಕಾಲರಾ ಲಸಿಕೆ ತಯಾರಿಸಿ ಮೊದಲು ತಮ್ಮ ಮೇಲೇ ಪ್ರಯೋಗ ಮಾಡಿಕೊಂಡರು. 1896ರಲ್ಲಿ ಮುಂಬಯಿಗೆ ಪ್ಲೇಗು ಬಂದಾಗ ಅಲ್ಲಿಗೆ ಹೋದರು. ಮೆಡಿಕಲ್ ಕಾಲೇಜಿನಲ್ಲಿ ಒಂದಿಷ್ಟು ಜಾಗ, ಒಬ್ಬ ಗುಮಾಸ್ತ, ಮೂವರು ಜವಾನರು, ಅಷ್ಟೇ. ತುಪ್ಪದ ಹನಿ ತೇಲಿಸಿದ ಸಾರಿನಲ್ಲಿ ರೋಗಾಣು ಬೆಳೆಸಿ, ಕಾಯಿಸಿ ಕೊಂದು, ಅದನ್ನೇ ಲಸಿಕೆ ಮಾಡಿದರು. 1897ರ ಜನವರಿ 10ರಂದು ತಾವೇ ಚುಚ್ಚಿಸಿಕೊಂಡರು. ಜ್ವರ ಬಂತು, ಬಿಟ್ಟಿತು.

ಆದರೆ 1902ರಲ್ಲಿ ಪಂಜಾಬಿನ ಮುಲ್ಕೋವಾಲ್ ಹಳ್ಳಿಯಲ್ಲಿ ಒಂದೇ ಸೀಸೆಯ ಲಸಿಕೆ ಹಾಕಿಸಿಕೊಂಡ 19 ಜನ ಧನುರ್ವಾಯುವಿನಿಂದ ಸತ್ತರು. ತಪ್ಪೆಲ್ಲ ಹಾಫ್‌ಕಿನ್ ತಲೆ ಮೇಲೆ ಬಿತ್ತು, ಕೆಲಸವೂ ಹೋಯಿತು. ಆಮೇಲೆ ನೋಡಿದರೆ ಆ ಹಳ್ಳಿಯಲ್ಲಿ ಸೀಸೆ ತೆರೆಯುವ ಇಕ್ಕಳ ನೆಲಕ್ಕೆ ಬಿದ್ದಿತ್ತು, ಸರಿಯಾಗಿ ಶುದ್ಧ ಮಾಡದೆ ಬಳಸಿದ್ದರು. ಧನುರ್ವಾಯು ರೋಗಾಣು ಮಣ್ಣಲ್ಲೇ ಇರುತ್ತೆ. (ಮಂಡಿ ತರಚಿದರೆ ಸೋಪು ಹಾಕಿ ತೊಳೀರಿ ಅಂತ ಮೇಷ್ಟ್ರು ಬೈಯೋದು ಇದಕ್ಕೇ.) 1907ರಲ್ಲಿ ಅವರದು ತಪ್ಪಿಲ್ಲ ಅಂತಾಯಿತು. ಹಳೇ ಹುದ್ದೆ ಮಾತ್ರ ಕೊಡಲಿಲ್ಲ, ನನಗೆ ಇದೇ ಬೇಜಾರು. 1925ರಲ್ಲಿ ಮುಂಬಯಿಯ ಆ ಪ್ರಯೋಗಾಲಯಕ್ಕೆ ಅವರ ಹೆಸರಿಟ್ಟರು. 1930ರಲ್ಲಿ ಸ್ವಿಟ್ಜರ್ಲೆಂಡಿನಲ್ಲಿ ತೀರಿಕೊಂಡರು.