ಪದವೀಧರ ಕುಮಾರಪ್ಪನವರು

ಹಳ್ಳಿಯಲ್ಲಿ ಸೇವೆ ಮಾಡಬಯಸುವವನಿಗೆ ಸಮಾಜಕಾರ್ಯದ ಸ್ನಾತಕೋತ್ತರ ಪದವಿ ಬೇಕೆ ಎಂದು ಕೇಳಿಕೊಂಡು ನನ್ನ ಬಳಿಗೆ ಪ್ರತಿವರ್ಷವೂ ಕೆಲವರು ತರುಣರು ಬರುತ್ತಾರೆ. ಅವರಲ್ಲಿ ಹೆಚ್ಚಿನವರು ಹಳ್ಳಿಗಳಿಂದಲೇ ಬಂದವರು. ಎರಡು ವರ್ಷಗಳ ವೆಚ್ಚವನ್ನು ಹೊರಬೇಕಾದ ತಂದೆಯ ಚಿಂತೆ ಅವರ ಮಾತಿನಲ್ಲಿಯೇ ಇಣಿಕುತ್ತದೆ. ಹೌದೆಂದಾಗಲಿ ಅಲ್ಲವೆಂದಾಗಲಿ ಒಂದೇ ಮಾತಿನಲ್ಲಿ ಹೇಳಲು ನಾನು ಅಳುಕುತ್ತೇನೆ, ಜೆ. ಸಿ. ಕುಮಾರಪ್ಪನವರ ಜೀವನವನ್ನು ನೋಡಿರೆಂದು ಹೇಳುತ್ತೇನೆ. ದೊಡ್ಡ ವಿಶ್ವವಿದ್ಯಾನಿಲಯದ ಪದವಿಯನ್ನು ಹಳ್ಳಿಗೆ ಹೊತ್ತು ತಂದು, ಅಲ್ಲಿ ಅದನ್ನು ಒರೆಗೆ ಹಚ್ಚಿ ನೋಡಿದವರು ಅವರು.

1892ರ ಜನವರಿ 4ರಂದು ತಂಜಾವೂರಿನ ಕ್ರೈಸ್ತ ಮನೆತನವೊಂದರಲ್ಲಿ ಅವರು ಜನಿಸಿದರು. ಆಗಿನ ಹೆಸರು ಜೋಸೆಫ್ ಕಾರ್ನೀಲಿಯಸ್. ಲಂಡನ್ನಿನಲ್ಲಿ ಲೆಕ್ಕಪರಿಶೋಧನೆ ಕಲಿತು, ಮುಂಬಯಿಯಲ್ಲಿ ಆ ವೃತ್ತಿಯನ್ನೇ ಹಿಡಿದು, ಉಡುಗೆ ತೊಡುಗೆಗಳಲ್ಲಿ ಅಪ್ಪಟ ಸಾಹೇಬರಾಗಿ ಬಾಳುತ್ತಿದ್ದರು. ಮೂವತ್ತೈದು ತುಂಬಿದ ಮೇಲೆ, 1927ರಲ್ಲಿ, ಮತ್ತೆ ವಿದ್ಯಾರ್ಥಿಯಾಗಿ ಅಮೆರಿಕಕ್ಕೆ ಹೊರಟರು. ಸಿರಾಕ್ಯೂಸಿನ ಬಳಿಕ ಕೊಲಂಬಿಯಾ ವಿಶ್ವವಿದ್ಯಾನಿಲಯದಲ್ಲಿ ಸೆಲಿಗ್‌ಮನ್ನರ ಶಿಷ್ಯತ್ವ ದೊರೆಯಿತು. ಭಾರತವು ಬಡದೇಶವಾದುದು ಏಕೆಂಬುದನ್ನು ಕುರಿತು ಇವರು ಚರ್ಚೊಂದರಲ್ಲಿ ಮಾಡಿದ ಭಾಷಣದ ವರದಿ ಪತ್ರಿಕೆಯಲ್ಲಿ ಬಂದುದನ್ನು ಗುರುಗಳು ಕಂಡು, ಪ್ರಬಂಧಕ್ಕೂ ಅದೇ ವಿಷಯವಿರಲಿ ಎಂದರಂತೆ. ಬ್ರಿಟಿಷರ ರಾಜಸ್ವನೀತಿಯ ಲೆಕ್ಕಗಳನ್ನು ತಾವೇ ಬಗೆದು ನೋಡುತ್ತ ಹೋದಂತೆ ಶಿಷ್ಯರ ನಿಷ್ಠೆ ಬದಲಾಯಿತು. ಅವರ ದೇಶಭಕ್ತಿ ಮೊಳೆತದ್ದು ಸಭೆಯಲ್ಲಲ್ಲ, ಪುಸ್ತಕಭಂಡಾರದಲ್ಲಿ ಎಂಬುದು ನನಗೆ ಬಹಳ ಮುಖ್ಯವಾಗಿ ತೋರುತ್ತದೆ.

1929ರಲ್ಲಿ ಹಿಂದಿರುಗಿ, ಆ ಹಸ್ತಪ್ರತಿಯೊಡನೆ ಗಾಂಧೀಜಿಯವರನ್ನು ಸಾಬರಮತಿಯಲ್ಲಿ ಕಂಡರು. ಪ್ರಬಂಧವನ್ನು ಮೆಚ್ಚಿ ತಮ್ಮ ಪತ್ರಿಕೆಯಲ್ಲಿ ಪ್ರಕಟಿಸಲು ಒಪ್ಪಿದ ಗಾಂಧೀಜಿ, ಗುಜರಾತಿನ ಹಳ್ಳಿಗಳ ಆರ್ಥಿಕ ಸಮೀಕ್ಷೆಯೊಂದನ್ನು ಮಾಡಿಕೊಡುವಿರಾ ಎಂದು ಕೇಳಿದರು. ಕುಮಾರಪ್ಪನವರಿಗೆ ಗುಜರಾತಿ ಬಾರದು. ಗುಜರಾತ್ ವಿದ್ಯಾಪೀಠದ ಅಧ್ಯಾಪಕರೂ ವಿದ್ಯಾರ್ಥಿಗಳೂ ಜೊತೆಗೆ ನಿಂತರು. ಖೇಡಾ ಜಿಲ್ಲೆಯ ಮಾತರ್ ತಾಲ್ಲೂಕಿನ ಹಳ್ಳಿಗಳಲ್ಲಿ ಆದಾಯವೆಷ್ಟು, ಸಾಲವೆಷ್ಟು, ಕಂದಾಯವೆಷ್ಟು ಎಂದು ವಿಚಾರಿಸಿ ಬರೆದುಕೊಂಡರು. ವರದಿ 1931ರಲ್ಲಿ ಹೊರಬಂದಿತು. ಕೊಲಂಬಿಯಾದಲ್ಲಿ ಅಂಕಿಗಳಾಗಿದ್ದವು ಇಲ್ಲಿ ಮನೆಗಳಾದವು. ಗ್ರಾಮಕಾರ್ಯದ ವಿದ್ಯಾರ್ಥಿಗಳಿಗೆ ಕ್ಷೇತ್ರಕಾರ್ಯವೆಂದು ನಾವು ಈಗ ಗಂಟೆಗಳ ಲೆಕ್ಕದಲ್ಲಿ ವಿಧಿಸುತ್ತೇವಲ್ಲ, ಅದರ ತಿರುಳು ಇದೇ ಎಂದು ನನ್ನ ನಂಬಿಕೆ.

ಲೆಕ್ಕಿಗನ ಕಟ್ಟುನಿಟ್ಟು ಮಾತ್ರ ಅವರನ್ನು ಬಿಟ್ಟುಹೋಗಲಿಲ್ಲ. 1934ರ ಬಿಹಾರದ ಭೂಕಂಪದ ಪರಿಹಾರನಿಧಿಯ ಲೆಕ್ಕ ಅವರ ಕೈಯಲ್ಲಿತ್ತು. ಸ್ವಯಂಸೇವಕರಿಗೆ ದಿನದ ಭತ್ಯ ಮೂರು ಆಣೆ. ಗಾಂಧೀಜಿಯವರೇ ಪರಿವಾರದೊಡನೆ ಬಂದಾಗ ಅವರ ವೆಚ್ಚಕ್ಕೆ ನಿಧಿಯಿಂದ ಹಣ ಕೊಡಲಾಗದೆಂದುಬಿಟ್ಟರು. ಗಾಂಧೀಜಿ ಅದನ್ನು ಒಪ್ಪಿಕೊಂಡರು. ಕುಮಾರಪ್ಪನವರು ಮುಂಗೋಪಿಗಳೆಂದು ಹೆಸರಾಗಿದ್ದರು. ಆದರೆ ಬಡವರ ಹಣದ ಮಾತು ಬಂದಾಗ ಅಷ್ಟು ಕೋಪವಾದರೂ ಇರುವುದು ಮೇಲಲ್ಲವೆ?

ಅದೇ ವರ್ಷದ ಡಿಸೆಂಬರಿನಲ್ಲಿ ಅಖಿಲ ಭಾರತ ಗ್ರಾಮೋದ್ಯೋಗ ಸಂಘ ಸ್ಥಾಪಿತವಾಗಲು ಅವರೇ ಕಾರ್ಯದರ್ಶಿಗಳಾದರು. ವಾರ್ಧಾದ ಮಗನ್‌ವಾಡಿಯಲ್ಲಿ ಎಣ್ಣೆಯ ಗಾಣ, ಕೈಕಾಗದ, ಜೇನುಸಾಕಣೆ, ಭತ್ತ ಕುಟ್ಟುವುದು ಇವೆಲ್ಲ ಪ್ರಯೋಗದ ವಸ್ತುಗಳಾದವು. ಗ್ರಾಮಸೇವಕರಿಗೆ ಶಿಕ್ಷಣವೂ ನಡೆಯಿತು. ಗಾಣ ತಿರುಗಿಸಲು ಬಾರದವನು ಗಾಣಿಗನಿಗೆ ಬುದ್ಧಿ ಹೇಳಲಾರನೆಂಬುದು ಅಲ್ಲಿಯ ಪಠ್ಯಕ್ರಮದ ಬುಡ. ಮುಂದೆ ಜಬಲ್ಪುರದ ಸೆರೆಮನೆಯಲ್ಲಿ ಶಾಶ್ವತ ಅರ್ಥವ್ಯವಸ್ಥೆಯ ಮೇಲೆ ಒಂದು ಗ್ರಂಥವನ್ನೂ ಏಸುವಿನ ಬೋಧೆಯ ಮೇಲೆ ಇನ್ನೊಂದನ್ನೂ ಬರೆದರು. ಗ್ರಾಮೋದ್ಯೋಗದ ಡಾಕ್ಟರ್ ಎಂಬ ಪದವಿಯನ್ನು ಗಾಂಧೀಜಿ ಅವರಿಗೆ ಕೊಟ್ಟರು. ವಿನೋದವೇ ಸರಿ, ಆದರೆ ಅದಕ್ಕಾಗಿ ಅವರು ಪಟ್ಟ ಶ್ರಮ ಕೊಲಂಬಿಯಾದ ಪದವಿಗೆ ಪಟ್ಟದ್ದಕ್ಕಿಂತ ಬಹಳ ಹೆಚ್ಚಿನದು.

ಇಲ್ಲೊಂದು ಸೋಜಿಗವಿದೆ. 1936ರಲ್ಲಿ ಮುಂಬಯಿಯಲ್ಲಿ ಸಮಾಜಕಾರ್ಯದ ಶಿಕ್ಷಣಕ್ಕಾಗಿ ಟಾಟಾ ಶಾಲೆ ಆರಂಭವಾಯಿತಷ್ಟೆ. ಮ್ಯಾನ್ಷರ್ಡ್ಟರ ಅನಂತರ ಅದರ ನಿರ್ದೇಶಕರಾದ ಜೆ. ಎಂ. ಕುಮಾರಪ್ಪನವರು ಇವರ ಸ್ವಂತ ಸೋದರರು. ಒಬ್ಬರು ನಗರದಲ್ಲಿ ಪದವಿಯ ಶಿಕ್ಷಣವನ್ನು ಕಟ್ಟಿದರು. ಇನ್ನೊಬ್ಬರು ಹಳ್ಳಿಯಲ್ಲಿ ಪದವಿಯ ಠೀವಿಯನ್ನು ಕಳಚಿದರು. ಆ ಸಂಸ್ಥೆ ತುಳಜಾಪುರದಲ್ಲಿ ಗ್ರಾಮೀಣ ಆವರಣವನ್ನು ತೆರೆದದ್ದು 1986ರಲ್ಲಿ. ಅಣ್ಣತಮ್ಮಂದಿರ ಎರಡು ದಾರಿಗಳು ಕೂಡಲು ಅರ್ಧ ಶತಮಾನ ಹಿಡಿಯಿತೆನ್ನಬಹುದು.

ಸ್ವಾತಂತ್ರ್ಯಾನಂತರ ಕಾಂಗ್ರೆಸ್ಸಿನ ಭೂಸುಧಾರಣಾ ಸಮಿತಿಗೆ ಅಧ್ಯಕ್ಷರಾಗಿ 1949ರಲ್ಲಿ ವರದಿ ಒಪ್ಪಿಸಿದರು. ಉಳುವವನ ಪರವಾದ ಅದರ ಶಿಫಾರಸುಗಳಲ್ಲಿ ಬಹಳಷ್ಟು ಕಾಗದದ ಮೇಲೆಯೇ ಉಳಿದವು. ಆರೋಗ್ಯ ಕೆಟ್ಟ ಬಳಿಕ ಮಧುರೆಯ ಸಮೀಪದ ಕಲ್ಲುಪಟ್ಟಿಯ ಗಾಂಧಿನಿಕೇತನದಲ್ಲಿ ನೆಲಸಿದರು. ಅವರ ಕೋಣೆಯ ಗೋಡೆಯಲ್ಲಿ ಬಡ ರೈತನೊಬ್ಬನ ಚಿತ್ರವಿತ್ತೆಂದೂ, ಅವನು ತಮ್ಮ ಗುರುವಿಗೂ ಗುರುವೆಂದು ಬಂದವರಿಗೆ ತೋರಿಸುತ್ತಿದ್ದರೆಂದೂ ಹೇಳುತ್ತಾರೆ. ಅವರು ಮದರಾಸಿನ ಆಸ್ಪತ್ರೆಯಲ್ಲಿ ಕಣ್ಣು ಮುಚ್ಚಿದ್ದು 1960ರ ಜನವರಿ 30ರಂದು, ಗಾಂಧೀಜಿ ತೀರಿಕೊಂಡ ದಿನವೇ.