ಹವೆಗೆ ಲೆಕ್ಕ ಬರೆದ ರಿಚರ್ಡ್‌ಸನ್

ಕಾಮರ್ಸ್ ಹುಡುಗನಿಗೆ ಹವಾಮಾನದ ಗೊಡವೆ ಯಾಕೆ ಅಂತ ಗೆಳೆಯರು ನಗಬಹುದು. ಆದರೆ ಲೂಯಿಸ್ ಫ್ರೈ ರಿಚರ್ಡ್‌ಸನ್ನನ ಜೀವನ ಓದಿದಾಗ ನನಗೆ ಕಂಡವನು ವಿಜ್ಞಾನಿಗಿಂತ ಹೆಚ್ಚಾಗಿ ಒಬ್ಬ ಪ್ರಾಮಾಣಿಕ ಲೆಕ್ಕಿಗ.

ಈತ ಹುಟ್ಟಿದ್ದು 1881ರಲ್ಲಿ, ಇಂಗ್ಲೆಂಡಿನ ನ್ಯೂಕ್ಯಾಸಲ್‌ನಲ್ಲಿ. ಮನೆಯವರು ಯುದ್ಧವನ್ನು ಒಪ್ಪದ ಕ್ವೇಕರ್ ಪಂಥದವರು. ಮೊದಲ ಮಹಾಯುದ್ಧದಲ್ಲಿ ಈತ ಬಂದೂಕು ಹಿಡಿಯಲಿಲ್ಲ. 1916ರಲ್ಲಿ ಹವಾಮಾನ ಇಲಾಖೆಯ ಕೆಲಸ ಬಿಟ್ಟು ಫ್ರಾನ್ಸಿಗೆ ಹೋಗಿ ಗಾಯಾಳುಗಳ ಆಂಬ್ಯುಲೆನ್ಸ್ ಓಡಿಸಿದ. ಬಿಡುವು ಸಿಕ್ಕಾಗೆಲ್ಲ ಲೆಕ್ಕ. ಯೂರೋಪಿನ ನಕ್ಷೆಯ ಮೇಲೆ ಚದುರಂಗದ ಹಾಸಿನ ಹಾಗೆ ಮನೆ ಎಳೆದು, 1910ರ ಮೇ 20ರ ಬೆಳಗಿನ ಗಾಳಿ, ಒತ್ತಡ ತುಂಬಿ, ಆರು ಗಂಟೆಯಲ್ಲಿ ಏನಾಗ್ತದೆ ಅಂತ ಕೈಯಲ್ಲೇ ತೆಗೆದ. ಒತ್ತಡ 145 ಮಿಲಿಬಾರ್ ಏರಬೇಕು ಅಂತ ಬಂತು! ನಿಜವಾಗಿ ಅಂದು ಅದು ಹೆಚ್ಚುಕಡಿಮೆ ಅಲುಗಿಯೇ ಇರಲಿಲ್ಲ. 1917ರಲ್ಲಿ ಹಸ್ತಪ್ರತಿ ಕಳೆದುಹೋಗಿ, ತಿಂಗಳುಗಳ ಮೇಲೆ ಬೆಲ್ಜಿಯಂನ ಕಲ್ಲಿದ್ದಲ ರಾಶಿಯಡಿ ಸಿಕ್ಕಿತು. 1922ರ ತನ್ನ ಪುಸ್ತಕದಲ್ಲಿ ಆ ತಪ್ಪು ಉತ್ತರವನ್ನು ಇದ್ದ ಹಾಗೇ ಅಚ್ಚು ಹಾಕಿಸಿದ. ಎಷ್ಟು ಜನ ಹೀಗೆ ಮಾಡ್ತಾರೆ? ದೋಷ ಇದ್ದದ್ದು ಆರಂಭ ಶಿಲ್ಕಿನಲ್ಲಿ, ಅಂದರೆ ಮೊದಲು ತುಂಬಿದ ಅಂಕಿಗಳಲ್ಲಿ. ಬಹಳ ವರ್ಷಗಳ ಮೇಲೆ ಪೀಟರ್ ಲಿಂಚ್ ಅವನ್ನು ಸರಿದೂಗಿಸಿ ಅದೇ ದಾರಿಯಲ್ಲಿ ಲೆಕ್ಕ ಹಾಕಿದಾಗ ಉತ್ತರ ಹದಕ್ಕೆ ಬಂತು.

ಶಿಲ್ಕು ಸರಿಯಿದ್ದರೂ ಸಾಲದು. ನಕ್ಷೆಯ ಅಂಚಿನ ಮನೆಗೆ ಆಚೆಯ ನೆರೆಯಿಲ್ಲ. ಅಲ್ಲಿಂದ ಏನು ಬರ್ತದೆ ಗೊತ್ತಿಲ್ಲದಿದ್ದರೆ ಅದರ ಲೆಕ್ಕ ನಿಲ್ತದೆ, ಮುಂದಿನ ಹೆಜ್ಜೆಗೆ ಅದರ ಒಳಗಿನದೂ ನಿಲ್ತದೆ. ರಿಚರ್ಡ್‌ಸನ್ ಇಡೀ ಭೂಗೋಳಕ್ಕೇ ಲೆಕ್ಕ ಹಾಕುವ 64,000 ಜನರ ಒಂದು ಸಭಾಂಗಣವನ್ನು ಕಲ್ಪಿಸಿಕೊಂಡಿದ್ದ. ಗೋಳಕ್ಕೆ ಅಂಚೇ ಇಲ್ಲವಲ್ಲ!

ನಮ್ಮ ಪಕ್ಕದ ಆಂಧ್ರವನ್ನೇ ನೋಡಿ. ವಿಶಾಖಪಟ್ಟಣ, ವಿಜಯವಾಡ ಎರಡನ್ನೇ ಸುತ್ತಿ ಒಂದು ಚೌಕ ಎಳೆಯಿರಿ. 2014ರ ಅಕ್ಟೋಬರ್ 12ರಂದು ವಿಶಾಖಪಟ್ಟಣಕ್ಕೆ ಬಡಿದ ಹುದ್‌ಹುದ್ ಚಂಡಮಾರುತ ನಾಲ್ಕು ದಿನ ಮೊದಲು ಅಂಡಮಾನಿನ ಕಡೆ ಇತ್ತು. ಚೌಕದೊಳಗೆ ಅದರ ಸುಳಿವೇ ಇಲ್ಲ. ಹಾಗಾಗಿ ಈಗಿನವರು ಇಡೀ ಭೂಮಿಯ ಲೆಕ್ಕದಿಂದ, ಮೂರು ಇಲ್ಲವೆ ಆರು ಗಂಟೆಗೊಮ್ಮೆ, ನಾಲ್ಕೂ ಅಂಚಿನ ಗಾಳಿ, ಶಾಖ, ತೇವಗಳನ್ನು ತೆಗೆದು ಗಡಿಯ ಕಡತ ಮಾಡಿಟ್ಟುಕೊಳ್ತಾರೆ. ನಮ್ಮ ಭಾಷೇಲಿ ಹೇಳಬೇಕಂದ್ರೆ ಅದು ಆವಕದ ಪುಸ್ತಕ. ಅದು ತಪ್ಪಿದ್ರೆ ಒಳಗೆ ಎಷ್ಟೇ ಸಣ್ಣ ಮನೆ ಎಳೆದರೂ ತಪ್ಪು ಆ ಬಾಗಿಲಿಂದಲೇ ಒಳಗೆ ಬರ್ತದೆ. 2024ರ ಸೆಪ್ಟೆಂಬರ್ 1ರಂದು ವಾಯುಭಾರ ಕುಸಿತ ದಡ ಹತ್ತಿದ್ದು ವಿಶಾಖಪಟ್ಟಣಕ್ಕೂ ಉತ್ತರದ ಕಳಿಂಗಪಟ್ಟಣದ ಬಳಿ. ಬುಡಮೇರು ಉಕ್ಕಿ ಮನೆಗಳು ಮುಳುಗಿದ್ದು ವಿಜಯವಾಡದಲ್ಲಿ.

1920ರಲ್ಲಿ ಹವಾಮಾನ ಇಲಾಖೆ ವಾಯುಪಡೆಯ ಸಚಿವಾಲಯದ ಕೈಗೆ ಹೋದಾಗ ರಿಚರ್ಡ್‌ಸನ್ ಮತ್ತೆ ಸೇರಿದ್ದ ಆ ಕೆಲಸವನ್ನೂ ಬಿಟ್ಟ. ಕೊನೆಕೊನೆಗೆ ಹಿಡಿದದ್ದು ಯುದ್ಧಗಳ ಲೆಕ್ಕ. 1950ರಲ್ಲಿ ಅಮೆರಿಕದ ಎನಿಯಾಕ್ ಯಂತ್ರ ಹವೆಯ ಲೆಕ್ಕ ಹಾಕಿದ್ದನ್ನು ತಿಳಿದು, 1953ರಲ್ಲಿ ತೀರಿಕೊಂಡ. ದೇಶಗಳ ಗಡಿಯುದ್ದಕ್ಕೂ ಯುದ್ಧಕ್ಕೂ ಏನು ನಂಟು ಅಂತ ಹುಡುಕುವಾಗ ಈತನಿಗೆ ಒಂದು ವಿಚಿತ್ರ ಸಿಕ್ಕಿತ್ತು. ಒಂದೇ ಗಡಿಯನ್ನು ಸ್ಪೇನಿನವರು 987 ಕಿಲೋಮೀಟರ್ ಅಂತಲೂ ಪೋರ್ಚುಗಲ್ಲಿನವರು 1214 ಅಂತಲೂ ಬರೆದುಕೊಂಡಿದ್ದರು.